ಕಪ್ಪು ವಯರಿನ ಜಾಗ

ನನ್ನ ತಮ್ಮ ಶೀನ ಎಳೆದ ವಯರು ಸಮುದ್ರದಿಂದ ತಕರಾರು ಹೊತ್ತು ಬಂದದ್ದಿಲ್ಲ. ಇದನ್ನು ಅವನು ಹೇಳಿಕೊಳ್ಳಬೇಕಾಗಿಲ್ಲ, ಮಲ್ಪೆ ಬಂದರಿನಲ್ಲಿ ಬೋಟಿನವರೇ ಹೇಳುತ್ತಾರೆ. ಇಂಜಿನ್ ಕೆಲಸಕ್ಕೆ ಬೇರೆಯವರಿದ್ದಾರೆ. ದೀಪ, ಬ್ಯಾಟರಿ, ವಯರ್‌ಲೆಸ್, ಮೀನು ತೋರಿಸುವ ಯಂತ್ರ, ಇವಕ್ಕೆಲ್ಲ ಶೀನನೇ ಆಗಬೇಕು. ಅವನ ಪದ್ಧತಿ ಒಂದೇ. ಫೈಬರ್ ಬೋಟಿನ ಮೈಯಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಒಂದೊಂದು ದೀಪಕ್ಕೂ ಎರಡು ವಯರು ಬೇಕು, ಹೋಗಲಿಕ್ಕೆ ಕೆಂಪು, ಬರಲಿಕ್ಕೆ ಕಪ್ಪು. ಕಪ್ಪು ವಯರು ದಾರಿಯಲ್ಲಿ ಎಲ್ಲಿಯೂ ತಂಗದೆ ನೇರ ಬ್ಯಾಟರಿಯ ಮೈನಸ್ಸಿಗೆ ಬಂದು ಸೇರಬೇಕು. ನಡುವೆ ಗಂಟು ಹಾಕಿದರೆ ಉಪ್ಪಿನ ಗಾಳಿ ಅಲ್ಲಿ ಕೂತು ತಿನ್ನುತ್ತದೆ.

ಇದೇ ಶೀನ ಒಂದು ಕಾರಿಗೂ ವಯರು ಎಳೆದ. ಕಾರು ನನ್ನ ಮೊಮ್ಮಗಳು ಭವ್ಯಶ್ರೀಯದ್ದು.

ಅವಳು ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ರಜೆಯ ದಿನ ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಓಡಿಸುತ್ತಾಳೆ. ಕಾಪುವಿನ ನಮ್ಮ ಅಂಗಳದಲ್ಲಿ, ಹಿಂದೆ ಬಲೆ ಹರಡುತ್ತಿದ್ದ ಜಾಗದಲ್ಲಿ, ಆ ಸಣ್ಣ ಬಿಳಿ ಕಾರು ನಿಂತಿರುತ್ತದೆ. ಹಳೆಯ ಕಾರಾದರೂ ಅದರ ಇಂಜಿನ್ನಿಗೆ ಟರ್ಬೊ ಕೂರಿಸಿದ್ದಾಳೆ. ಟರ್ಬೊ ಎಂದರೆ ಇಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ತುಂಬುವ ಚಕ್ರ. ಗಾಳಿ ಹೆಚ್ಚು ಬಂದಷ್ಟು ಪೆಟ್ರೋಲೂ ಹೆಚ್ಚು ಹೋಗಬೇಕು. ಪೆಟ್ರೋಲು ಕಡಿಮೆಯಾದರೆ ಒಳಗೆ ಬಿಸಿ ಏರಿ ಪಿಸ್ಟನ್ ತೂತು ಬೀಳುತ್ತದೆ. ಆ ಇಂಜಿನ್ ಕಟ್ಟಲು ಅವಳಿಗೆ ಎರಡು ಮಳೆಗಾಲ ಹಿಡಿದಿತ್ತು. ಅದು ಹೋದರೆ ಇನ್ನೊಂದು ಇಲ್ಲ, ಕಾರು ಓಡಿಸುವುದೂ ಅಲ್ಲಿಗೆ ಮುಗಿಯಿತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗಾಳಿಗೆ ತಕ್ಕ ಪೆಟ್ರೋಲು ಹೋಗುತ್ತಿದೆಯೋ ಇಲ್ಲವೋ ನೋಡಲು ಒಂದು ಮೀಟರ್ ಬರುತ್ತದೆ. ಸೈಲೆನ್ಸರಿನ ಪೈಪಿಗೆ ಹೆಬ್ಬೆರಳು ಗಾತ್ರದ ಸೆನ್ಸರ್ ತಿರುಗಿಸಿ ಕೂರಿಸುವುದು, ಅದು ಹೊಗೆ ಮೂಸಿ ಲೆಕ್ಕ ಕೊಡುತ್ತದೆ. ಸ್ಟೀರಿಂಗಿನ ಪಕ್ಕದ ದುಂಡನೆಯ ಡಯಲಿನಲ್ಲಿ ಅಂಕಿ ಕಾಣುತ್ತದೆ. ಅಂಕಿ ಇಳಿದರೆ ಪೆಟ್ರೋಲು ಜಾಸ್ತಿ, ಏರಿದರೆ ಕಡಿಮೆ. ನಿಂತಾಗಲೋ ಮೆಲ್ಲಗೆ ಓಡಿಸುವಾಗಲೋ ಹದಿಮೂರು ಹದಿನಾಲ್ಕಾದರೂ ತೊಂದರೆಯಿಲ್ಲ, ಪೂರ್ತಿ ಒತ್ತಿ ಓಡಿಸುವಾಗ ಮಾತ್ರ ಹನ್ನೆರಡರ ಹತ್ತಿರ ಇರಬೇಕು, ಅದಕ್ಕಿಂತ ಮೇಲೆ ಹೋಗಬಾರದು. ಆ ಡಯಲಿನಿಂದ ಒಂದು ಬಿಳಿ ವಯರು ಇಂಜಿನ್ನಿನ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಕ್ಷಣಕ್ಷಣದ ಅಂಕಿ ದಾಖಲಾಗುತ್ತದೆ, ಅದಕ್ಕೆ ಲಾಗ್ ಎನ್ನುತ್ತಾರೆ.

ಕಂಪ್ಯೂಟರ್ ಕೂರಿಸಿದ್ದು ಸಂತೆಕಟ್ಟೆಯಲ್ಲಿ ವರ್ಕ್‌ಶಾಪ್ ಇರುವ ಕಾರ್ಲ್ಟನ್. ಮೀಟರ್ ಕೂರಿಸಿದ್ದು ಶೀನ. ಭವ್ಯಶ್ರೀಗೆ ಎರಡನ್ನೂ ಕಾರ್ಲ್ಟನ್ ಕೈಯಲ್ಲೇ ಮಾಡಿಸಬಹುದಿತ್ತು. ಆದರೆ ಮನೆಯಲ್ಲಿ ಶೀನ ಇರುವಾಗ ಹೊರಗಿನವರನ್ನು ವಯರಿಗೆ ಕೈ ಹಾಕಲು ಕರೆಯುವುದು ಹೇಗೆ. ನಮ್ಮಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುವುದು, ಹೆಣ್ಣಿನ ಅಣ್ಣತಮ್ಮಂದಿರದ್ದೇ ಮನೆಯಲ್ಲಿ ಕೊನೆಯ ಮಾತು. ಶೀನ ಬೋಟಿಗೆ ಹಾಕುವ ತವರ ಲೇಪದ ವಯರನ್ನೇ ತಂದ. ಪ್ರತಿ ಜೋಡಣೆಗೂ ಅಂಟಿನ ಸ್ಲೀವ್ ತೊಡಿಸಿ ಬಿಸಿ ಮಾಡಿದ. ಡಯಲಿನ ಕಪ್ಪು ವಯರನ್ನು ಕಾರಿನ ಒಳಗಿನಿಂದ ಬಾನೆಟ್ಟಿನ ಕೆಳಗೆ ಹಾಯಿಸಿ, ನೇರ ಬ್ಯಾಟರಿಯ ಮೈನಸ್ಸಿಗೆ ಬಿಗಿದ. ನೋಡಲು ಚಂದ ಇತ್ತು.

ಜನವರಿಯಲ್ಲಿ ಕಾರ್ಕಳದ ಹತ್ತಿರ ಒಂದು ಕ್ಲಬ್ಬಿನವರು ಓಟ ಇಟ್ಟಿದ್ದರು. ಹಿಂದಿನ ಭಾನುವಾರ ಮಧ್ಯಾಹ್ನ ಅದೇ ಮೈದಾನದಲ್ಲಿ ಅಭ್ಯಾಸ. ಕೆಂಪು ಧೂಳಿನಲ್ಲಿ ಒಬ್ಬರಿಗೊಬ್ಬರು ಕಾಣದ ಕಾರಣ ಎಲ್ಲರೂ ಹೆಡ್‌ಲೈಟ್ ಹಾಕಿಯೇ ಓಡಿಸಬೇಕೆಂದು ನಿಯಮ ಮಾಡಿದ್ದರಂತೆ. ಕಾರ್ಲ್ಟನ್ ಲ್ಯಾಪ್‌ಟಾಪ್ ತಂದಿದ್ದ. ಎರಡು ಸುತ್ತಿನ ಲಾಗ್ ನೋಡಿ, ಪೆಟ್ರೋಲು ಜಾಸ್ತಿಯಾಗಿದೆ, ಇಂಜಿನ್ ಉಸಿರು ಕಟ್ಟಿದ ಹಾಗೆ ಓಡುತ್ತಿದೆ ಎಂದು ಸ್ವಲ್ಪ ಕಡಿಮೆ ಮಾಡಿದ. ಮುಂದಿನ ಶನಿವಾರ ಇನ್ನೊಂದು ಪಾಲು ಕಡಿಮೆ ಮಾಡಿದರೆ ಸರಿಯಾಗುತ್ತದೆ ಎಂದ. ಕಾರು ಮೊದಲಿಗಿಂತ ಚುರುಕಾಯಿತು. ಆದರೆ ಓಡಿಸುವಾಗ ಭವ್ಯಶ್ರೀಯ ಕಣ್ಣು ಡಯಲಿನ ಮೇಲೆ ಬಿದ್ದಿತ್ತು. ಲ್ಯಾಪ್‌ಟಾಪ್ ತೋರಿಸಿದ್ದಕ್ಕಿಂತ ಅದು ಅರ್ಧ ಅಂಕಿಯಷ್ಟು ಮೇಲಿತ್ತು. ಲ್ಯಾಪ್‌ಟಾಪಿನ ಪ್ರಕಾರ ಇನ್ನೂ ಪೆಟ್ರೋಲು ಜಾಸ್ತಿ. ಡಯಲಿನ ಪ್ರಕಾರ ಆಗಲೇ ಹನ್ನೆರಡು ದಾಟಿ ಅಪಾಯದ ಬಾಗಿಲಲ್ಲಿತ್ತು.

ಅವಳು ಕಾರ್ಲ್ಟನಿಗೆ ಹೇಳಿದಳು. ಅವನು ಬಾನೆಟ್ ಎತ್ತಿ ನೋಡಿ, ಈ ವಯರಿಂಗ್ ಯಾರದ್ದು ಎಂದು ಕೇಳಿದ. ಮನೆಯವರದ್ದು ಎಂದಳು. ಡಯಲು ನೋಡಿ ಯಾರೂ ಟ್ಯೂನ್ ಮಾಡುವುದಿಲ್ಲ, ಲಾಗ್ ನೋಡಿಯೇ ಮಾಡುವುದು ಎಂದ ಕಾರ್ಲ್ಟನ್. ಎರಡೂ ಹೊಂದುವುದಿಲ್ಲ ಎಂದಾದರೆ ಇದನ್ನೆಲ್ಲ ಕತ್ತರಿಸಿ ತೆಗೆದು ಹೊಸತಾಗಿ ಹಾಕಬೇಕು ಎಂದ. ಅವನು ಸಿಟ್ಟಿನಿಂದ ಹೇಳಿದ್ದಲ್ಲ.

ಇದನ್ನು ಅವಳು ಶೀನನಿಗೆ ಹೇಳಲಿಲ್ಲ, ನನಗೆ ಹೇಳಿದಳು. ನಾನು ಬಂಗುಡೆ ಮೀನು ಕೊಯ್ಯುತ್ತಿದ್ದೆ. ಕತ್ತಿ ನಿಲ್ಲಿಸದೆ ಕೇಳಿದೆ. ಅವಳ ಕಷ್ಟ ಎರಡು ಕಡೆಯದು. ಲಾಗ್ ನಂಬಿ ಪೆಟ್ರೋಲು ಇಳಿಸಿದರೆ ಇಂಜಿನ್ ಹೋಗಬಹುದು. ಡಯಲು ನಂಬಿದರೆ ಕಾರ್ಲ್ಟನ್ ಕೈ ಬಿಡುತ್ತಾನೆ, ಲಾಗ್ ಇಲ್ಲದೆ ಅವನು ಕೆಲಸ ಮಾಡುವುದಿಲ್ಲ. ಹಾಗೆಂದು ಶೀನಜ್ಜನ ವಯರು ಕತ್ತರಿಸುವುದು ಹೇಗೆ.

"ಅಜ್ಜಿ, ನೀವು ಹೇಳ್ತೀರಾ ಅವರಿಗೆ?"

"ನಾನು ಹೇಳಿದರೆ ಅಕ್ಕ ಹೇಳಿದ್ದಾಗ್ತದೆ. ನೀನು ಹೇಳಿದರೆ ಕಾರು ಹೇಳಿದ್ದಾಗ್ತದೆ" ಎಂದೆ.

ಅವಳೇ ಹೇಳಿದಳು. ಶೀನ ಮರುದಿನ ಬಂದರಿನಿಂದ ಬಂದವನು ಚಹಾ ಕುಡಿಯದೆ ಕರೆಂಟು ಅಳೆಯುವ ಮಲ್ಟಿಮೀಟರ್ ಹಿಡಿದು ಕೂತ. ಡಯಲಿನ ಹಿಂದಿನಿಂದ ಬ್ಯಾಟರಿಯವರೆಗೆ ಕಪ್ಪು ವಯರನ್ನು ಅಳೆದ. ಕೆಂಪನ್ನು ಅಳೆದ. ಬಿಳಿಯದನ್ನು ತುದಿಯಿಂದ ತುದಿಗೆ ಅಳೆದ. ಎಲ್ಲಿಯೂ ಸೋರಿಕೆ ಇಲ್ಲ, ತುಂಡಾದದ್ದಿಲ್ಲ. ಅವನು ಸುಳ್ಳು ಹೇಳುವ ಮನುಷ್ಯ ಅಲ್ಲ. ವಯರು ನಿಜಕ್ಕೂ ಸರಿಯಾಗಿತ್ತು.

"ನನ್ನ ವಯರಿನಲ್ಲಿ ಎಂತದೂ ಇಲ್ಲ ಮಗಾ. ನಿನ್ನ ಪೊರ್ಬುಗಳ ಪೆಟ್ಟಿಗೆಯಲ್ಲಿ ಉಂಟು" ಎಂದ. ಪೊರ್ಬುಗಳು ಎಂದು ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು. ಶೀನ ಹೇಳಿದ ದನಿಯಲ್ಲಿ ಆವತ್ತು ಮರ್ಯಾದೆ ಸ್ವಲ್ಪ ಕಡಿಮೆ ಇತ್ತು.

ಫೋನಿನಲ್ಲಿ ಕಾರ್ಲ್ಟನ್ ತನ್ನ ಕಂಪ್ಯೂಟರ್ ಪೆಟ್ಟಿಗೆ ಸರಿಯಾಗಿದೆ ಎಂದ. ಅದೂ ನಿಜವೇ ಇತ್ತು.

ಭವ್ಯಶ್ರೀ ತನ್ನ ಲ್ಯಾಬಿನ ರೀತಿ ಹಿಡಿದಳು. ಲ್ಯಾಬಿನಲ್ಲಿ ಎರಡು ಯಂತ್ರ ಎರಡು ಲೆಕ್ಕ ಕೊಟ್ಟರೆ ಒಂದೇ ರಕ್ತವನ್ನು ಎರಡರಲ್ಲೂ ಕೂಡಲೇ ಹಾಕಿ ನೋಡುತ್ತಾರಂತೆ. ಹಾಗೆಯೇ ಡಯಲನ್ನೂ ಲಾಗನ್ನೂ ಒಟ್ಟಿಗೆ ನೋಡಬೇಕು, ಯಾರಾದರೂ ಪಕ್ಕದಲ್ಲಿ ಕೂತು ಡಯಲಿನ ಅಂಕಿಯನ್ನು ಬಿಡದೆ ಓದಬೇಕು ಎಂದಳು. ಗೆಳತಿ ವಿಜೇತಾಳನ್ನು ಮೊದಲೊಮ್ಮೆ ಕೂರಿಸಿದ್ದಳು, ಅವಳು ಎರಡು ತಿರುವಿಗೇ ವಾಂತಿ ಎಂದು ಕಣ್ಣು ಮುಚ್ಚಿದ್ದಳು. ಶೀನ ತಾನು ಕೂರುತ್ತೇನೆ ಎಂದ.

"ನೀವು ಬೇಡ ಅಜ್ಜ. ನೀವು ನಿಮಗೆ ಬೇಕಾದ್ದನ್ನೇ ಓದ್ತೀರಿ."

ಶೀನ ನನ್ನ ಕಡೆ ನೋಡಿದ. "ಅಕ್ಕನನ್ನು ಕೂರಿಸು. ವರ್ಷಗಟ್ಟಲೆ ಕಾರ್ಕಳ ಮಾರ್ಕೆಟ್ಟಿನಲ್ಲಿ ಮೀನು ತೂಗಿದವಳು, ತಕ್ಕಡಿಯ ಮುಳ್ಳು ನಿಲ್ಲುವ ತನಕ ಅವಳ ಕಣ್ಣು ಅಲ್ಲಾಡುವುದಿಲ್ಲ. ಗಿರಾಕಿ ಬೈದರೂ ಅಲ್ಲಾಡುವುದಿಲ್ಲ."

"ಬೈದದ್ದು ನೀನು, ಗಿರಾಕಿ ಅಲ್ಲ" ಎಂದೆ.

ಹೀಗೆ ನಾನು ಆ ಕಾರಿನಲ್ಲಿ ಕೂತೆ. ಬೆಳಿಗ್ಗೆ ಎಲ್ಲೂರಿನ ಕಡೆ ಹೋದೆವು. ಅಲ್ಲಿ ಗದ್ದೆಗಳ ನಡುವೆ ನೇರ ರಸ್ತೆ ಇದೆ, ಜನ ಕಡಿಮೆ. ಶೀನ ಹಿಂದಿನ ಸೀಟಿನಲ್ಲಿ ಮಡಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ನಾನು ಡಯಲಿನದ್ದನ್ನು ಗಟ್ಟಿಯಾಗಿ ಓದುವುದು, ಅವನು ಲ್ಯಾಪ್‌ಟಾಪಿನದ್ದನ್ನು ಓದುವುದು. ಭವ್ಯಶ್ರೀಯ ಫೋನು ಇಬ್ಬರ ದನಿಯನ್ನೂ ಹಿಡಿದುಕೊಳ್ಳುತ್ತಿತ್ತು.

ಎಲ್ಲವೂ ಹೊಂದಿತು. ಪಾಯಿಂಟ್ ಎಂಬುದನ್ನು ಬಿಟ್ಟು ನಾನು ಹದಿಮೂರು ಎಂಟು ಎಂದರೆ ಹಿಂದಿನಿಂದಲೂ ಹದಿಮೂರು ಎಂಟು. ನಾನು ಹನ್ನೆರಡು ಎರಡು ಎಂದರೆ ಅಲ್ಲಿಯೂ ಅದೇ. ಮನೆಯ ಭಜನೆಯಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಹಿಂದೆ ಹೇಳುವ ಹಾಗಿತ್ತು. ಶೀನ ಬೀಗಿದ. ಒಂದು ಕೂದಲಿನಷ್ಟು ವ್ಯತ್ಯಾಸ ಇಲ್ಲ, ಇದನ್ನು ಕತ್ತರಿಸಬೇಕು ಎನ್ನುತ್ತಾನಲ್ಲ ಅವನು ಎಂದ. ಭವ್ಯಶ್ರೀ ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಮುಖ ಸಡಿಲವಾಗಲಿಲ್ಲ. ಭಾನುವಾರ ತಾನು ಕಂಡದ್ದು ಸುಳ್ಳಾದರೆ ಲಾಗ್ ಸರಿ, ಲಾಗ್ ಸರಿಯಾದರೆ ಶನಿವಾರ ಇನ್ನೊಂದು ಪಾಲು ಪೆಟ್ರೋಲು ಇಳಿಯುತ್ತದೆ.

ದೇವಸ್ಥಾನದ ಹತ್ತಿರ ಮರದ ನೆರಳಿನಲ್ಲಿ ಕಾರು ನಿಲ್ಲಿಸಿದಳು. ಇಂಜಿನ್ ಬಂದ್ ಮಾಡಲಿಲ್ಲ. ಬಿಸಿಲು ಏರಿತ್ತು. ಶೀನ ಕೆಳಗಿಳಿದು ನೀರು ಕುಡಿಯಲು ಹೊರಟ. ನನಗೆ ಓದು ಎಂದಿದ್ದರು, ನಿಲ್ಲಿಸು ಎಂದಿರಲಿಲ್ಲ, ನಾನು ಓದುತ್ತಲೇ ಇದ್ದೆ. ಹದಿನಾಲ್ಕು ಆರು. ಹದಿನಾಲ್ಕು ಆರು. ಅಷ್ಟರಲ್ಲಿ ಮುಂದೆ ಬಾನೆಟ್ಟಿನೊಳಗೆ ಫ್ಯಾನು ತಿರುಗತೊಡಗಿತು. ಇಂಜಿನ್ ಕಾದಾಗ ಅದು ತಾನಾಗಿಯೇ ತಿರುಗುತ್ತದೆ.

ಭವ್ಯಶ್ರೀ ಹಿಂದೆ ತಿರುಗಿ ಲ್ಯಾಪ್‌ಟಾಪ್ ನೋಡಿದಳು. "ಅಜ್ಜಿ, ಸರಿ ನೋಡಿ ಹೇಳಿ. ಎಷ್ಟುಂಟು?"

"ಹದಿನಾಲ್ಕು ಆರು."

"ಇಲ್ಲಿ ಹದಿನಾಲ್ಕು ಮೂರು."

"ನನ್ನದು ಅಲುಗಲಿಲ್ಲ."

ಫ್ಯಾನು ನಿಂತಿತು. ಲ್ಯಾಪ್‌ಟಾಪಿನದ್ದು ಹದಿನಾಲ್ಕು ಆರಕ್ಕೆ ವಾಪಸು ಬಂತು. ಅವಳು ಕಾದಳು. ಮತ್ತೆ ಫ್ಯಾನು ತಿರುಗಿತು, ಮತ್ತೆ ಅಲ್ಲಿ ಅಂಕಿ ಇಳಿಯಿತು. ಈ ಸಲ ಅವಳು ಹೆಡ್‌ಲೈಟ್ ಹಾಕಿದಳು. ಇನ್ನೂ ಸ್ವಲ್ಪ ಇಳಿಯಿತು. ನನ್ನ ಡಯಲು ಇದ್ದಲ್ಲಿಯೇ ಇತ್ತು. ಶೀನ ಬಾಟಲಿ ಕೈಯಲ್ಲಿ ಹಿಡಿದು ಕಿಟಕಿಯ ಹೊರಗೆ ನಿಂತಿದ್ದ. ಯಾವಾಗ ಬಂದನೋ ಗೊತ್ತಿಲ್ಲ.

ಕಾರ್ಕಳದಲ್ಲಿ ಇಡೀ ಮಧ್ಯಾಹ್ನ ಫ್ಯಾನೂ ತಿರುಗುತ್ತಿತ್ತು, ಲೈಟೂ ಉರಿಯುತ್ತಿತ್ತು. ಈ ಬೆಳಿಗ್ಗೆ ರಸ್ತೆಯಲ್ಲಿ ಎರಡೂ ಇರಲಿಲ್ಲ.

ಶೀನ ಬಾನೆಟ್ ಎತ್ತಿದ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿನ ಮೇಲೆ ಇಟ್ಟ. ಇನ್ನೊಂದನ್ನು ಉದ್ದದ ವಯರು ಸೇರಿಸಿ ಒಳಗೆ ತಂದು, ಕಾರ್ಲ್ಟನ್ ತನ್ನ ಪೆಟ್ಟಿಗೆಯ ಕಪ್ಪು ವಯರನ್ನು ಕಾರಿನ ಬಾಡಿಗೆ ಬಿಗಿದಿದ್ದ ಬೋಲ್ಟಿನ ಮೇಲೆ ಇಟ್ಟು ನನಗೆ ಹಿಡಿಯಲು ಕೊಟ್ಟ. ಎರಡೂ ಮೈನಸ್ಸೇ. ನಡುವೆ ಸೊನ್ನೆ ಬರಬೇಕು. ಲೈಟು ಆರಿಸಿದಾಗ ಸೊನ್ನೆಗೆ ಹತ್ತಿರವೇ ಇತ್ತು. ಫ್ಯಾನೂ ಲೈಟೂ ಸೇರಿದಾಗ ಕಾಲು ವೋಲ್ಟ್ ಬಂತು. ಆ ಕಾಲು ವೋಲ್ಟೇ ಲ್ಯಾಪ್‌ಟಾಪಿನಲ್ಲಿ ಅರ್ಧ ಅಂಕಿಯಾಗುತ್ತದೆ ಎಂದು ಭವ್ಯಶ್ರೀ ಆಮೇಲೆ ತಿಳಿಸಿದಳು.

ಶೀನ ಬಹಳ ಹೊತ್ತು ಬಗ್ಗಿಯೇ ಇದ್ದ. ಬ್ಯಾಟರಿಯಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿಯನ್ನು ಬೆರಳಿನಿಂದ ಉಜ್ಜಿದ. ಹಸಿರು ಪುಡಿ ಬಂತು. ಕಾಪುವಿನ ಗಾಳಿಗೆ ಹಾಗೆಯೇ ಆಗುವುದು. ಫ್ಯಾನಿನ ಕರೆಂಟು, ಲೈಟಿನ ಕರೆಂಟು ಎಲ್ಲ ಬಾಡಿಯಿಂದ ಆ ಪಟ್ಟಿಯ ಮೂಲಕವೇ ವಾಪಸು ಬರಬೇಕು. ಅಲ್ಲಿ ಇಕ್ಕಟ್ಟಾದಾಗ ಇಡೀ ಬಾಡಿ ಬ್ಯಾಟರಿಗಿಂತ ಕಾಲು ವೋಲ್ಟ್ ಮೇಲೇಳುತ್ತದೆ. ಬಾಡಿಯ ಮೇಲೆ ಕೂತ ಕಾರ್ಲ್ಟನ್ ಪೆಟ್ಟಿಗೆಯೂ ಮೇಲೇಳುತ್ತದೆ, ಅಲ್ಲಿಂದ ನೋಡಿದರೆ ಬ್ಯಾಟರಿಯಲ್ಲಿ ಕಾಲೂರಿದ ಶೀನನ ಡಯಲು ಹೇಳಿದ್ದು ಕಡಿಮೆ ಕೇಳುತ್ತದೆ.

"ಬೋಟಿನಲ್ಲಿ ಬಾಡಿ ಎಂಬುದೇ ಇಲ್ಲ ಅಲ್ವಾ" ಎಂದ ಶೀನ. "ನಾನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ."

ಯಾರಿಗೆ ಹೇಳಿದ್ದೆಂದು ತಿಳಿಯಲಿಲ್ಲ. ನನಗೆ ಮಾರ್ಕೆಟ್ಟಿನ ಕಟ್ಟೆ ನೆನಪಾಯಿತು. ಕರೆಂಟಿನ ತಕ್ಕಡಿ ಬಂದ ಮೇಲೆ, ಮಂಜುಗಡ್ಡೆ ಕರಗಿ ಅದರ ಒಂದು ಕಾಲಿನ ಕೆಳಗೆ ಹಲಗೆ ಕುಸಿದರೆ ತೂಕ ತಪ್ಪುತ್ತಿತ್ತು. ತಕ್ಕಡಿಯನ್ನು ರಿಪೇರಿಗೆ ಕೊಟ್ಟರೆ ಸರಿ ಇದೆ ಎಂದು ವಾಪಸು ಕಳಿಸುತ್ತಿದ್ದರು. ಅದನ್ನು ಹೇಳಿದೆ. ಶೀನ ಹೂಂ ಎಂದ.

ಸಂಜೆ ಕಾರ್ಲ್ಟನ್ ತಾನೇ ಕಾಪುವಿಗೆ ಬಂದ. ಭವ್ಯಶ್ರೀ ಫೋನಿನಲ್ಲಿ ನಮ್ಮಿಬ್ಬರ ದನಿ ಕೇಳಿಸಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಫ್ಯಾನಿನ ಸದ್ದು ಬಂದಲ್ಲಿ ನಿಲ್ಲಿಸಿ, ಮತ್ತೆ ಹಾಕಿಸಿ ಕೇಳಿದ. ಆಮೇಲೆ ಯಾರೂ ಹೇಳದೆಯೇ ಬಾನೆಟ್ ಎತ್ತಿ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚತೊಡಗಿದ. ನಾವು ಮೂವರೂ ಹತ್ತಿರ ಸರಿದು ನಿಂತೆವು. ಪೆಟ್ರೋಲು ಕಡಿಮೆಯಾಗಿ ಒಳಗೆ ಸುಟ್ಟಿದ್ದರೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್ಮಿನ ಕಣ ಕಾಣುತ್ತದಂತೆ, ಅದು ಪಿಸ್ಟನ್ನಿನದ್ದು. ಮೂರು ಪ್ಲಗ್ಗು ಕಾಫಿ ಬಣ್ಣ. ನಾಲ್ಕನೆಯದು ಬಿಳಿಚಿಕೊಂಡಿತ್ತು. ಅವನು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. ಕನ್ನಡಕ ತೆಗೆದು ಮತ್ತೆ ನೋಡಿದ. ಭವ್ಯಶ್ರೀ ಅವನ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದಳು. ರಿಪೋರ್ಟು ಕೇಳಲು ಬಂದವರು ಅವಳನ್ನು ಹಾಗೆಯೇ ನೋಡುತ್ತಾರೇನೋ.

"ಕಣ ಇಲ್ಲ" ಎಂದ ಕಾರ್ಲ್ಟನ್. "ಶನಿವಾರ ಇನ್ನೊಂದು ಪಾಲು ತೆಗೆದಿದ್ದರೆ ಇರ್ತಿತ್ತು."

ಅದನ್ನು ತೆಗೆಯುವವನು ತಾನೇ ಆಗಿದ್ದ ಎಂಬುದನ್ನು ಅವನು ಬೇರೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಂಗಳದಲ್ಲೇ ಲ್ಯಾಪ್‌ಟಾಪ್ ತೆರೆದು ಭಾನುವಾರ ಇಳಿಸಿದ್ದ ಪೆಟ್ರೋಲನ್ನು ಮೊದಲಿದ್ದಲ್ಲಿಗೆ ಏರಿಸಿದ.

ಉಳಿದದ್ದು ಕಪ್ಪು ವಯರು. ಎರಡು ಯಂತ್ರವೂ ಒಂದೇ ಜಾಗದಲ್ಲಿ ಕಾಲೂರಬೇಕು. ಶೀನ ಮೊದಲು ಹೇಳಿದ್ದು, ಹಾಗಾದರೆ ನಿಮ್ಮ ಪೆಟ್ಟಿಗೆಯ ಕಪ್ಪನ್ನು ಬ್ಯಾಟರಿಗೆ ತನ್ನಿ ಎಂದು. ಕಾರ್ಲ್ಟನ್ ತಕ್ಷಣ ಇಲ್ಲ ಎನ್ನಲಿಲ್ಲ. ತನ್ನ ಪೆಟ್ಟಿಗೆಯ ಬೋಲ್ಟಿಗೆ ಬಂದು ಸೇರುವ ಬೇರೆ ಸೆನ್ಸರುಗಳ ವಯರುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದ. ಬಿಸಿಯದ್ದು, ಗಾಳಿಯದ್ದು, ಆಕ್ಸಿಲರೇಟರಿನದ್ದು. ಪೆಟ್ಟಿಗೆಯ ಕಪ್ಪು ಜಾಗ ಬಿಟ್ಟರೆ ಇವೆಲ್ಲವೂ ಜಾಗ ಬಿಡಬೇಕು.

"ನಿಮ್ಮದು ಒಂದೇ ಅಲ್ವಾ ಶೀನಣ್ಣ" ಎಂದ.

ಶೀನ ಅಂಗಳದಲ್ಲಿ ಒಂದು ಸುತ್ತು ಬಂದ. ಬಾವಿಕಟ್ಟೆಯ ತನಕ ಹೋಗಿ ಬಂದ. ಭವ್ಯಶ್ರೀ ಕತ್ತರಿ ಹಿಡಿದು ನಿಂತಿದ್ದಳು, ಆದರೆ ಮುಂದೆ ಬರಲಿಲ್ಲ. ಕಾರ್ಲ್ಟನ್ ತನ್ನ ಕೈಯನ್ನು ಹಿಂದೆ ಕಟ್ಟಿಕೊಂಡ. ಅವನಿಗೂ ಈ ಕಡೆಯ ಮನೆಗಳ ರೀತಿ ಗೊತ್ತಿತ್ತು.

"ಕೊಡು ಇಲ್ಲಿ" ಎಂದು ಶೀನ ಮೊಮ್ಮಗಳ ಕೈಯಿಂದ ಕತ್ತರಿ ತೆಗೆದುಕೊಂಡ. "ನನ್ನ ವಯರು ನಾನು ಕತ್ತರಿಸ್ತೇನೆ."

ಕತ್ತರಿಸಿದ. ಕತ್ತರಿಸಿದ ಮೇಲೆ ಹಳೆಯ ಶೀನ ವಾಪಸು ಬಂದ. ಬೋಲ್ಟಿನ ಸುತ್ತ ತುಕ್ಕು ಹಿಡಿಯದಂತೆ ಬಳಿದಿದ್ದ ಕಪ್ಪು ಪೇಂಟನ್ನು ನೋಡಿ, ಪೊರ್ಬುಗಳೇ, ಪೇಂಟಿನ ಮೇಲೆ ಅರ್ತಿಂಗ್ ಕೊಟ್ಟಿದ್ದೀರಲ್ಲ ಎಂದ. ಕಾರ್ಲ್ಟನ್ ಒಳಗೆ ಒರೆಸಿದ್ದೇನೆ ಎಂದ. ಒರೆಸಿದ್ದು ಸಾಲದು ಎಂದು ಶೀನ ಲೋಹ ಬೆಳ್ಳಗೆ ಕಾಣುವ ತನಕ ಕೆರೆದ. ಡಯಲಿನ ಕಪ್ಪನ್ನು ದಪ್ಪ ಮಾಡಿ, ಗಿಡ್ಡ ಮಾಡಿ, ಪೆಟ್ಟಿಗೆಯ ಕಪ್ಪಿನ ಮೇಲೆಯೇ ಇಟ್ಟು ಒಂದೇ ಬೋಲ್ಟಿನಲ್ಲಿ ಬಿಗಿದ. ಮೇಲೆ ಗ್ರೀಸು ಮೆತ್ತಿದ. ಹಸಿರು ಹಿಡಿದ ಪಟ್ಟಿಯನ್ನು ಕಿತ್ತು, ಬೋಟಿನ ಬ್ಯಾಟರಿಗೆ ಹಾಕುವ ದಪ್ಪ ಕೇಬಲನ್ನು ಅಲ್ಲಿ ಹಾಕಿದ. ಮತ್ತೆ ಕಡ್ಡಿ ಇಟ್ಟು ನೋಡಿದಾಗ ಫ್ಯಾನೂ ಲೈಟೂ ಇದ್ದರೂ ಸೊನ್ನೆ. ಎಲ್ಲ ಮುಗಿದ ಮೇಲೆ ಇಬ್ಬರೂ ನನ್ನ ಕೈಯ ಹುಳಿಖಾರದ ಬಂಗುಡೆ ಪುಳಿಮುಂಚಿ ಉಂಡರು. ವಯರಿನ ಮಾತು ಮತ್ತೆ ಬರಲಿಲ್ಲ.

ಭಾನುವಾರ ಕಾರ್ಕಳದಲ್ಲಿ ಬಿಸಿಲು ಜೋರಿತ್ತು. ಹೆಂಗಸರ ವಿಭಾಗದಲ್ಲಿ ಭವ್ಯಶ್ರೀ ನಾಲ್ಕನೆಯವಳಾಗಿ ಬಂದಳು. ಒಂದು ತಿರುವಿನಲ್ಲಿ ಅಗಲವಾಗಿ ಹೋಗಿದ್ದಳು, ಅದು ಅವಳದ್ದೇ ತಪ್ಪು, ಇಂಜಿನ್ನಿನದ್ದಲ್ಲ ಎಂದು ಅವಳೇ ಹೇಳಿದಳು. ಮೊದಲ ಸ್ಥಾನ ಮಣಿಪಾಲದ ಒಬ್ಬ ಹುಡುಗಿಗೆ ಹೋಯಿತು. ಓಟದ ಉದ್ದಕ್ಕೂ ಶೀನ ಟ್ರ್ಯಾಕಿನ ಕಡೆ ನೋಡಿದ್ದು ಕಡಿಮೆ. ಸೈಲೆನ್ಸರಿನ ಸದ್ದನ್ನೇ ಕೇಳುತ್ತಿದ್ದ.

ಹಿಂದೆ ಬರುವಾಗ ಅದೇ ಕಾರಿನಲ್ಲಿ ನಾವು ಮೂವರೂ ಇದ್ದೆವು. ಕಾರ್ಕಳ ಬಿಟ್ಟು ಸ್ವಲ್ಪದರಲ್ಲೇ ಶೀನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದ. ಅಕ್ಕ, ಓದು ಎಂದ. ಇನ್ನೆಂತಕ್ಕೆ ಎಂದು ನಾನು ಕೇಳಲಿಲ್ಲ. ಭವ್ಯಶ್ರೀ ಲೈಟು ಹಾಕಿದಳು, ಓಟದ ಬಿಸಿಗೆ ಫ್ಯಾನು ಆಗಲೇ ತಿರುಗುತ್ತಿತ್ತು. ನಾನು ಓದಿದೆ. ಬೆಳ್ಮಣ್ ದಾಟಿತು, ಪಡುಬಿದ್ರಿಯಲ್ಲಿ ಹೆದ್ದಾರಿ ಸಿಕ್ಕಿತು. ನಾನು ಒಂದು ಅಂಕಿ ಹೇಳಿದರೆ ಶೀನನೂ ಅದನ್ನೇ ಹೇಳುತ್ತಿದ್ದ. ಆಮೇಲಾಮೇಲೆ ಅವನು ಅಂಕಿ ಹೇಳುವುದನ್ನು ಬಿಟ್ಟು ಬರೇ ಹೂಂಗುಟ್ಟತೊಡಗಿದ. ಕಾಪುವಿನ ತಿರುವಿನಲ್ಲಿ ಅದೂ ನಿಂತಿತು. ತಿರುಗಿ ನೋಡಿದರೆ ಲ್ಯಾಪ್‌ಟಾಪ್ ತೆರೆದೇ ಇತ್ತು, ಅವನು ಬಾಯಿ ತೆರೆದು ಮಲಗಿದ್ದ.

"ಹನ್ನೆರಡು ಒಂಬತ್ತು" ಎಂದು ನಾನು ಓದಿದೆ. ಭವ್ಯಶ್ರೀ ಕನ್ನಡಿಯಲ್ಲಿ ಹಿಂದೆ ನೋಡಿ, ಅಜ್ಜನ ನಿದ್ದೆ ಕೆಡದ ಹಾಗೆ ಆಕ್ಸಿಲರೇಟರಿನಿಂದ ಕಾಲು ತೆಗೆದಳು.